ಹನ್ನೊಂದು ಟೋಪಿಗಳ ಹಬ್ಬ

ಒರುರೊ, 19 ಸೆಪ್ಟೆಂಬರ್ 1988

ಸೆನ್ಯೋರಾ ಫೌಸ್ತಿನಾ,

ಬಸ್ಸಿನವನ ಕೈಯಲ್ಲಿ ನೀನು ಕಳಿಸಿದ ಗಂಟು ತಲುಪಿತು. ಒಳಗೆ ನನ್ನ ಸೆವೆರೊನ ಟೋಪಿ, ಏಳು ನಳಿಗೆಯ ಅವನ ಕೊಳಲು, ಒಗೆದು ಮಡಿಸಿದ ಅಂಗಿ, ಜೊತೆಗೆ ಒಂದು ಬೊಗಸೆ ಒಣಗಿಸಿದ ಆಲೂಗಡ್ಡೆ ಇದ್ದವು. ಆಲೂಗಡ್ಡೆ ಯಾಕೆ ಇಟ್ಟೆ? ಮಗನನ್ನು ಕಳೆದುಕೊಂಡವಳು ಸಾರು ಮಾಡಿಕೊಂಡು ಉಣ್ಣಲಿ ಎಂದೇ? ಅದನ್ನು ಪಕ್ಕದ ಮನೆಯ ಹಂದಿಗೆ ಹಾಕಿದೆ. ಅಂಗಿಯನ್ನು ಯಾಕೆ ಒಗೆದೆ ಎಂದೂ ಕೇಳಬೇಕಾಗಿದೆ. ಅದರ ಮೇಲೆ ಏನಿತ್ತು?

ಇಪ್ಪತ್ತೊಂದು ವರ್ಷದ ಹಿಂದೆ ಪಾದ್ರಿ ಅವನ ನೆತ್ತಿಗೆ ನೀರು ಸುರಿಯುವಾಗ ಅವನನ್ನು ಎತ್ತಿಕೊಂಡು ನಿಂತವಳು ನೀನು. ಅಂದಿನಿಂದ ನೀನು ಅವನಿಗೆ ಎರಡನೇ ತಾಯಿ, ನನಗೆ ಕೋಮಾದ್ರೆ. ಮಿಷನ್ ಶಾಲೆಯಲ್ಲಿ ಒಂದೇ ಸ್ಲೇಟಿನಲ್ಲಿ ಬರೆಯಲು ಕಲಿತ ನಾವು ಅದಕ್ಕೂ ಮೊದಲೇ ಅಕ್ಕತಂಗಿಯರಂತಿದ್ದವರು. ಈ ಪತ್ರದ ಮೇಲ್ಗಡೆ ನಿನ್ನನ್ನು ಹೇಗೆ ಕರೆದಿದ್ದೇನೆ ನೋಡು, ಗುರುತಿಲ್ಲದ ಹೆಂಗಸನ್ನು ಕರೆದ ಹಾಗೆ. ಇನ್ನು ಮುಂದೆ ಹಾಗೆಯೇ.

ಮಣ್ಣಿಗೆ ಬಂದಾಗ ನಾನು ಬಾಯಿ ಬಿಡಲಿಲ್ಲ. ಎದುರಿಗೆ ಹೆಣವಿತ್ತು. ಈಗ ಕೇಳುತ್ತೇನೆ. ನಿನ್ನ ಗಂಡ ಲುಸಿಯಾನೊ ಈ ವರ್ಷದ ಹಬ್ಬದ ಯಜಮಾನ. ಅವನ ಕರೆಗೆ ಓಗೊಟ್ಟು ಕೊಳಲು ಊದಲು ಬಂದ ಹುಡುಗ, ನಡು ಮಧ್ಯಾಹ್ನ, ಬೀದಿಯಲ್ಲಿ ವಾದ್ಯ ಮೊಳಗುತ್ತಿರುವಾಗ, ನಿನ್ನ ಮನೆಯ ಕೋಣೆಯಲ್ಲಿ ಸತ್ತ. ಅವನ ಪಕ್ಕದಲ್ಲಿ ಯಾರು ಕೂತಿದ್ದರು? ಅವನನ್ನು ಬದುಕಿದ್ದಾಗ ಕೊನೆಯ ಸಲ ನೋಡಿದವರು ಯಾರು? ಉತ್ತರ ಬರೆ. ಆಲೂಗಡ್ಡೆ ಬೇಡ.

ಸೆವೆರೊನ ತಾಯಿ,
ಮೊದೆಸ್ತಾ

⁂

ಚಿಯಾರ್‌ಪಂಪ, 8 ಅಕ್ಟೋಬರ್ 1988

ನನ್ನ ಪ್ರೀತಿಯ ಕೋಮಾದ್ರೆ,

ನೀನು ಏನೆಂದು ಕರೆದರೂ ನಾನು ಹೀಗೇ ಕರೆಯುವವಳು. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅವನ ಆಯಸ್ಸು ಅಷ್ಟೇ ಇತ್ತು. ದೇವರು ಕರೆದರೆ ಯಾರಿಂದ ತಡೆಯಲು ಆಗುತ್ತದೆ?

ಅವನಿಗೆ ನಾವು ಯಾವ ಕೊರತೆಯನ್ನೂ ಮಾಡಲಿಲ್ಲ. ಕುಣಿತದ ನಡುವೆ ಕುಸಿದ. ಗೆಳೆಯರು ಎತ್ತಿ ತಂದರು. ಒಳ್ಳೆಯ ಕೋಣೆಯಲ್ಲಿ, ಕುರಿತೊಗಲು ಹಾಸಿ, ಬೇರೆಯವರ ಜೊತೆ ಗೋಡೆಗುಂಟ ಮಲಗಿಸಿದೆವು. ಮರ್ಯಾದಸ್ಥರಿಗೆ ಹೇಗೆ ಮಾಡಬೇಕೋ ಹಾಗೆ ಅವನ ಟೋಪಿಯನ್ನು ಮುಖದ ಮೇಲೆ ಇಟ್ಟೆವು. ನಮ್ಮಲ್ಲಿ ಬಿದ್ದವನ ಮುಖವನ್ನು ಯಾರೂ ನೋಡಿ ನಗಬಾರದು ಎಂದು ನಿನಗೆ ಗೊತ್ತೇ ಇದೆಯಲ್ಲ. ಅವನು ಗೊರಕೆ ಹೊಡೆಯುತ್ತಿದ್ದ, ಒಳ್ಳೆ ನಿದ್ದೆ ಎಂದುಕೊಂಡೆವು. ನಾನು ಅಡುಗೆಮನೆಯಲ್ಲಿದ್ದೆ, ಇನ್ನೂರು ಜನಕ್ಕೆ ಬಡಿಸುವುದಿತ್ತು. ಪಕ್ಕದಲ್ಲಿ ಯಾರೂ ಕೂತಿರಲಿಲ್ಲ. ಮಲಗಿದವರ ಪಕ್ಕ ಯಾರು ಕೂರುತ್ತಾರೆ, ಹೇಳು.

ಊರಿನವರು ಈಗಲೂ ಹೇಳುತ್ತಾರೆ, ಸೆವೆರೊ ಊದಿದ ಹಾಗೆ ಯಾರೂ ಊದಲಿಲ್ಲ ಎಂದು. ಇದು ಹನ್ನೊಂದು ಟೋಪಿಗಳ ಹಬ್ಬ ಎಂದು ಹೆಸರಾಗಿದೆ. ಇಷ್ಟು ಧಾರಾಳವಾದ ಹಬ್ಬವನ್ನು ಚಿಯಾರ್‌ಪಂಪ ಕಂಡಿರಲಿಲ್ಲವಂತೆ. ಲುಸಿಯಾನೊ ನಿನಗೆ ನಮಸ್ಕಾರ ಹೇಳಿದ್ದಾನೆ.

ನಿನ್ನ ಕೋಮಾದ್ರೆ,
ಫೌಸ್ತಿನಾ

⁂

ಒರುರೊ, 2 ನವೆಂಬರ್ 1988
ಸತ್ತವರ ದಿನ

ಸೆನ್ಯೋರಾ ಫೌಸ್ತಿನಾ,

ಇವತ್ತು ಮೇಜಿನ ಮೇಲೆ ಅವನಿಗೆಂದು ಗೊಂಬೆ ರೊಟ್ಟಿ ಇಟ್ಟಿದ್ದೇನೆ, ಕಬ್ಬಿನ ಜಲ್ಲೆ ಇಟ್ಟಿದ್ದೇನೆ. ಪದ್ಧತಿಯ ಪ್ರಕಾರ ಒಂದು ಲೋಟ ಸಾರಾಯಿಯನ್ನೂ ಇಡಬೇಕಿತ್ತು. ಇಡಲಿಲ್ಲ. ಅತ್ತೆ ಗೊಣಗಿದರು, ಗೊಣಗಲಿ. ಆ ಲೋಟಗಳೇ ಅವನನ್ನು ಈ ಮೇಜಿಗೆ ತಂದದ್ದು.

ಟೋಪಿ ಹನ್ನೊಂದು ಎಂದು ನಿನ್ನ ಪತ್ರ ಹೆಮ್ಮೆಪಡುತ್ತದೆ. ಎದ್ದವರು ಎಷ್ಟು ಎಂದು ಊರಿನಲ್ಲಿ ಯಾರಾದರೂ ಎಣಿಸಿದಿರಾ? ಹತ್ತು. ಗೋಡೆಗುಂಟ ಬಿದ್ದವರು ಎಷ್ಟು ಜನ ಎಂಬುದರ ಮೇಲೆ ಯಜಮಾನನ ಕೈ ಎಷ್ಟು ಧಾರಾಳ ಎಂದು ಅಳೆಯುತ್ತೀರಿ. ಹಾಗಾದರೆ ನನ್ನ ಮಗ ನಿನ್ನ ಗಂಡನ ಅಳತೆಗೋಲಿಗೆ ಒಂದು ಗೆರೆ.

ದೇವರು ಕರೆದ ಎಂದು ಬರೆದೆ. ದೇವರು ಸುರಿಯಲಿಲ್ಲ. ಸುರಿದದ್ದು ಲುಸಿಯಾನೊ, ಡಬ್ಬಿಯಲ್ಲಿ ಬರುವ ಕಬ್ಬಿನ ಸಾರಾಯಿ, ನೆಪಕ್ಕೆ ಒಂದಿಷ್ಟು ಚಹಾ ಬೆರೆಸಿ. ಒಂದು ಲೋಟ ಕುಡಿದವನಿಗೆ ಎರಡನೆಯದನ್ನು ಹಿಡಿಸುವ ನಿಮ್ಮ ಮಾತು ನನಗೇನು ಮರೆತಿದೆಯೇ? ‘ಒಂಟಿ ಕಾಲಲ್ಲಿ ನಡೀತೀಯೇನ್ಲಾ? ಇನ್ನೊಂದು ಕಾಲಿಗೂ ಹಾಕ್ಕೊ.’ ಸೆವೆರೊಗೆ ಎಷ್ಟು ಕಾಲು ಬೆಳೆಸಿದಿರಿ ಆವತ್ತು?

ದೊನ್ ಅಬ್ದೋನ್ ಎಂಬ ಮುದುಕರು ದಿನಾ ಬೆಳಗ್ಗೆ ನನ್ನ ಅಂಗಡಿಗೆ ಬರುತ್ತಾರೆ, ನೇರಳೆ ಮೆಕ್ಕೆಜೋಳದ ಬಿಸಿ ಅಪಿ ಕುಡಿಯಲು. ಇಪ್ಪತ್ತೆಂಟು ವರ್ಷ ಗಣಿಯ ಆಸ್ಪತ್ರೆಯಲ್ಲಿ ಶುಶ್ರೂಷಕರಾಗಿದ್ದವರು, ಗಣಿ ಮುಚ್ಚಿದ ಮೇಲೆ ಮನೆಗೆ ಕಳಿಸಿದರು. ನಿನ್ನ ಪತ್ರವನ್ನು ಅವರಿಗೆ ಓದಿ ಹೇಳಿದೆ. ಗೊರಕೆಯ ಮಾತು ಬಂದಾಗ ಅವರು ಲೋಟವನ್ನು ಕೆಳಗಿಟ್ಟರು.

‘ಎಂಥಾ ಗೊರಕೆ ಅಂತ ಬರೆದವ್ಳಾ? ಒಣ ಗೊರಕೆನಾ, ನೀರಿನ ಸದ್ದಿತ್ತಾ?’

‘ಬರೆದಿಲ್ಲ ದೊನ್ ಅಬ್ದೋನ್. ಅವರಿಗೆ ಅದೆಲ್ಲ ಎಲ್ಲಿ ಕೇಳುತ್ತೆ, ಬೀದೀಲಿ ನಗಾರಿ.’

‘ನೋಡವ್ವ, ಕುಡಿದು ಮಲಗಿರೋನು ಬೇರೆ, ಸಾರಾಯಿ ವಿಷ ಏರಿರೋನು ಬೇರೆ. ಮಲಗಿರೋನ ಕಿವಿ ಹಿಂಡಿದ್ರೆ ಬೈತಾನೆ. ವಿಷ ಏರಿರೋನು ಬೈಯಲ್ಲ. ಮೈ ತಣ್ಣಗೆ ಒದ್ದೆ ಒದ್ದೆ ಇರುತ್ತೆ, ತುಟಿ ಉಗುರು ನೀಲಿ ಆಗುತ್ತೆ. ಪ್ರಜ್ಞೆ ಇಲ್ದೇನೇ ವಾಂತಿ ಬರುತ್ತೆ, ಕೆಲವರಿಗೆ ಸೆಳವು ಬರುತ್ತೆ. ಉಸಿರು ನಿಧಾನ ಆಗುತ್ತೆ. ಒಂದು ಉಸಿರು ಆದ್ಮೇಲೆ ಹತ್ತು ಎಣಿಸು. ಇನ್ನೊಂದು ಬರ್ಲಿಲ್ಲ ಅಂದ್ರೆ ಓಡು. ಎಲ್ಲಾ ಗುರ್ತೂ ಬರ್ಲಿ ಅಂತ ಕಾಯ್ಬಾರ್ದು. ಒಂದು ಬಂದ್ರೂ ಓಡ್ಬೇಕು.’

‘ಮಲಗಿ ಎದ್ರೆ ಸರಿ ಹೋಗುತ್ತೆ ಅಂತಾರಲ್ಲ?’

‘ಅಲ್ಲೇ ಎಲ್ರೂ ಎಡವೋದು. ಕೊನೇ ಲೋಟ ಕೆಳಗಿಟ್ಟ ಮೇಲೂ ಹೊಟ್ಟೇಲಿರೋದು ರಕ್ತಕ್ಕೆ ಏರ್ತಾನೇ ಇರುತ್ತೆ. ಮಲಗಿಸಿದಾಗ ಇದ್ದುದಕ್ಕಿಂತ ಒಂದು ಗಂಟೆ ಆದ್ಮೇಲೆ ಹೆಚ್ಚು. ಅಂಗಾತ ಮಲಗಿಸಿದ್ರಂತೋ, ಮಗ್ಗುಲಿಗೋ?’

ಅದು ನನಗೆ ಗೊತ್ತಿರಲಿಲ್ಲ. ಮುಖದ ಮೇಲೆ ಟೋಪಿ ನಿಲ್ಲಬೇಕಾದರೆ ಅಂಗಾತವೇ ಮಲಗಿಸಿರಬೇಕು ಎಂದೆ. ಮುದುಕರು ಆ ದಿನ ಅಪಿಯನ್ನು ಪೂರ್ತಿ ಕುಡಿಯದೆ ಹೋದರು.

ನೋಡಬೇಕಾದ ಒಂದೊಂದೂ ಟೋಪಿಯ ಅಡಿಯಲ್ಲೇ ಇತ್ತು ಫೌಸ್ತಿನಾ. ತುಟಿ, ಉಸಿರು, ವಾಂತಿ. ಮರ್ಯಾದೆ ಎಂದು ನೀವು ಮುಚ್ಚಿದ್ದು ಅದನ್ನೇ. ನನ್ನದು ಈಗ ಒಂದೇ ಪ್ರಶ್ನೆ. ನೀನು ಆ ಟೋಪಿಯನ್ನು ಎತ್ತಿದೆಯೋ ಇಲ್ಲವೋ?

ಮೊದೆಸ್ತಾ

⁂

ಒರುರೊ, 12 ಡಿಸೆಂಬರ್ 1988

ಸೆನ್ಯೋರಾ,

ನಲವತ್ತು ದಿನವಾಯಿತು. ಬಸ್ಸಿನವನನ್ನು ಕೇಳಿದೆ. ನೀನು ಚೆನ್ನಾಗಿದ್ದೀಯಂತೆ, ಸಂತೆಗೆ ಬರುತ್ತೀಯಂತೆ, ಹೊಸ ಲಂಗ ಹೊಲಿಸಿದ್ದೀಯಂತೆ. ಕೈಗೇನೂ ಆಗಿಲ್ಲ ಎಂದಾಯಿತು. ಎತ್ತಿದೆಯೋ ಇಲ್ಲವೋ? ಇದಕ್ಕೆ ಉತ್ತರಿಸಲು ಮಿಷನ್ ಶಾಲೆಯ ಓದು ಸಾಕು, ಒಂದೇ ಪದ.

ಮೊದೆಸ್ತಾ

⁂

ಚಿಯಾರ್‌ಪಂಪ, 15 ಜನವರಿ 1989

ಕೋಮಾದ್ರೆ,

ಎತ್ತಿದೆ.

ಈ ಪದವನ್ನು ಬರೆದು ಮೂರು ವಾರವಾಯಿತು. ಮುಂದಿನದನ್ನು ಬರೆಯಲು ಇಷ್ಟು ದಿನ ಹಿಡಿಯಿತು. ಲುಸಿಯಾನೊ ಆಲೂಗಡ್ಡೆ ಹೊಲಕ್ಕೆ ಹೋದಾಗ ಬರೆಯುತ್ತಿದ್ದೇನೆ.

ಅವನು ಕುಸಿದದ್ದು ಹನ್ನೆರಡು ಗಂಟೆ ಹೊತ್ತಿಗೆ. ಎಚ್ಚರವಾಗಲಿ ಎಂದು ಹುಡುಗರು ನಗುತ್ತಾ ದನದ ತೊಟ್ಟಿಯ ನೀರನ್ನು ತಲೆಯ ಮೇಲೆ ಸುರಿದರು. ಆಗಸ್ಟ್ ತಿಂಗಳ ಚಳಿಗಾಲದ ಗಾಳಿ, ನೀರಿನ ಮೇಲೆ ಇನ್ನೂ ಮಂಜಿನ ಚಕ್ಕೆ ಇತ್ತು. ಅವನು ಕಣ್ಣು ತೆರೆಯಲಿಲ್ಲ. ಒದ್ದೆ ಅಂಗಿಯಲ್ಲೇ ತಂದು ಮಲಗಿಸಿದರು. ಚಳಿಗೆ ನಡುಗುತ್ತಿದ್ದಾನೆ ಎಂದು ಯಾರೋ ಬಾಯಿಗೆ ಇನ್ನೂ ಒಂದು ಬಿಸಿ ಲೋಟ ಬಿಟ್ಟರು. ಅದರಲ್ಲಿಯೂ ಸಾರಾಯಿ ಇತ್ತು. ಅರ್ಧ ಹೊರಗೆ ಬಂತು.

ಒಂದು ಗಂಟೆಯ ಮೇಲೆ ನಾನು ತಟ್ಟೆಗಳನ್ನು ತರಲು ಆ ಕೋಣೆಗೆ ಹೋದೆ. ಹತ್ತು ಟೋಪಿಗಳು ಉಸಿರಿಗೆ ಮೇಲೆ ಕೆಳಗೆ ಆಗುತ್ತಿದ್ದವು. ಒಂದು ಆಗುತ್ತಿರಲಿಲ್ಲ. ನಾನು ಎತ್ತಿ ನೋಡಿದೆ. ಅವನ ತುಟಿ ನೀನು ಮಾರುವ ಅಪಿಯ ಬಣ್ಣಕ್ಕೆ ತಿರುಗಿತ್ತು. ಗಂಟಲಲ್ಲಿ ಗೊಳಗೊಳ ಎನ್ನುತ್ತಿತ್ತು. ಆಗ ಇನ್ನೂ ಬದುಕಿದ್ದ. ನಿನಗೆ ಸುಳ್ಳು ಹೇಳಲಾರೆ, ಬದುಕಿದ್ದ.

ಬಾಗಿಲಿಗೆ ಬಂದು ಲುಸಿಯಾನೊನನ್ನು ಕರೆದೆ. ‘ಹುಡ್ಗ ಯಾಕೋ ಸರಿಯಾಗಿಲ್ಲ ಕಣ್ರೀ, ಬಂದು ನೋಡಿ’ ಎಂದೆ. ಅವನ ಜೊತೆಗೆ ಹೋದ ವರ್ಷದ ಯಜಮಾನ ನಿಂತಿದ್ದ. ಲುಸಿಯಾನೊ ನನ್ನ ಮುಖವನ್ನೂ ನೋಡಲಿಲ್ಲ. ‘ಮುಚ್ಚೇ ಅದನ್ನ. ನೆಂಟರ ಮುಖ ಬಿಚ್ಚಿ ತೋರ್ಸಿ ನನ್ನ ಮಾನ ಕಳೀತೀಯಾ?’ ಎಂದ.

ಹೋಗಿ ಮುಚ್ಚಿದೆ. ನನ್ನ ಈ ಕೈಯಿಂದಲೇ. ಆಮೇಲೆ ತಟ್ಟೆಗಳನ್ನು ತೆಗೆದುಕೊಂಡು ಹೋದೆ. ಎರಡು ಗಂಟೆಗೆ ಮತ್ತೆ ಬಂದಾಗ ಸದ್ದು ನಿಂತಿತ್ತು.

ನೀನು ಕೇಳಿದ್ದು ಒಂದು ಪದ. ಇಷ್ಟೆಲ್ಲ ಬರೆದೆ. ಅಂಗಿಯನ್ನು ಯಾಕೆ ಒಗೆದೆ ಎಂದು ಈಗ ನಿನಗೆ ತಿಳಿಯಿತು.

ಫೌಸ್ತಿನಾ

⁂

ಒರುರೊ, 6 ಫೆಬ್ರವರಿ 1989

ಬದುಕಿದ್ದ.

ಬದುಕಿದ್ದವನನ್ನು ಮುಚ್ಚಿದೆ. ಊರಿನ ಲಾರಿ ನಿನ್ನ ಮನೆಯ ಮುಂದೆಯೇ ನಿಂತಿತ್ತು, ವಾದ್ಯದವರನ್ನು ಇಳಿಸಿ. ದೊಡ್ಡ ರಸ್ತೆಯ ಊರಿನ ಆಸ್ಪತ್ರೆಗೆ ಎರಡು ಗಂಟೆಯ ದಾರಿ. ಒಂದು ಗಂಟೆ ನಿನ್ನ ಕೈಯಲ್ಲಿತ್ತು. ಅದರಲ್ಲಿ ನೀನು ತಟ್ಟೆ ತೊಳೆದೆ.

ಗಂಡನ ಮಾನವನ್ನು ನಿನ್ನ ಹತ್ತಿರವೇ ಇಟ್ಟುಕೊ, ಉಪ್ಪು ಹಾಕಿ ಒಣಗಿಸಿಕೊ. ಈಗ ನಾನು ಬಿಳಿ ಮೆಕ್ಕೆಜೋಳದ ಅಪಿ ಮಾತ್ರ ಕಾಯಿಸುತ್ತೇನೆ. ನೇರಳೆ ಯಾಕಿಲ್ಲ ಎಂದು ಗಿರಾಕಿಗಳು ಕೇಳುತ್ತಾರೆ. ಆ ಜೋಳ ಸಿಗುತ್ತಿಲ್ಲ ಎನ್ನುತ್ತೇನೆ.

ನನಗೆ ಇನ್ನು ಬರೆಯಬೇಡ. ಬಸ್ಸಿನವನಿಗೂ ಹೇಳಿದ್ದೇನೆ, ನಿನ್ನ ಕಾಗದ ತಂದರೆ ಅವನಿಗೆ ನನ್ನ ಅಂಗಡಿಯಲ್ಲಿ ಬೆಂಚಿಲ್ಲ.

⁂

ಒರುರೊ, 30 ಜುಲೈ 1989

ಸೆನ್ಯೋರಾ ಫೌಸ್ತಿನಾ,

ಬರೆಯಬೇಡ ಎಂದವಳೇ ಬರೆಯುತ್ತಿದ್ದೇನೆ. ನಗಬೇಕೆನಿಸಿದರೆ ನಗು.

ಇಸಿದ್ರೊ ಹಬ್ಬಕ್ಕೆ ಬರುತ್ತಾನಂತೆ. ಅವನೊಬ್ಬನೇ ನನಗೆ ಉಳಿದಿರುವ ಮಗ, ಹತ್ತೊಂಬತ್ತು ವರ್ಷ. ನಮ್ಮ ಕೊಳಲಿನ ಕಥೆ ನಿನಗೆ ಹೇಳಬೇಕಾಗಿಲ್ಲ. ಏಳು ನಳಿಗೆಯವನು ಒಂದು ಸ್ವರ ಊದಿದರೆ ಆರು ನಳಿಗೆಯವನು ಮುಂದಿನದು ಊದಬೇಕು, ಇಬ್ಬರೂ ಸೇರಿದರೆ ಒಂದು ಹಾಡು. ಸೆವೆರೊ ಏಳು, ಇಸಿದ್ರೊ ಆರು. ಒಂದು ವರ್ಷದಿಂದ ಈ ಹುಡುಗ ಸಂಜೆ ಹಿತ್ತಲಲ್ಲಿ ಕೂತು ತನ್ನ ಪಾಲನ್ನು ಮಾತ್ರ ಊದುತ್ತಾನೆ, ನಡುನಡುವೆ ಸುಮ್ಮನಾಗುತ್ತಾನೆ. ಕೇಳಲಾಗುವುದಿಲ್ಲ. ಈಗ ಅಣ್ಣನ ಕೊಳಲನ್ನು ಹಿಡಿದು, ಊರಲ್ಲಿ ಜೊತೆಗೆ ಯಾರಾದರೂ ಊದುತ್ತಾರೆ, ಸತ್ತವನ ಪಾಲನ್ನು ಒಂದು ಸಲ ಪೂರ್ತಿ ಮಾಡಬೇಕು ಎನ್ನುತ್ತಾನೆ. ಲುಸಿಯಾನೊನ ಮುಖಕ್ಕೆ ಗುದ್ದುತ್ತೇನೆ ಎಂದೂ ಹೇಳುತ್ತಾನೆ. ಎರಡರಲ್ಲಿ ಯಾವುದಕ್ಕೆ ಹೊರಟಿದ್ದಾನೋ ನನಗೆ ಗೊತ್ತಿಲ್ಲ. ಕಾಲಿಗೆ ಬಿದ್ದೆ, ಬಯ್ದೆ, ಬಾಗಿಲು ಹಾಕಿದೆ. ಕಿಟಕಿಯಿಂದ ಹೋಗುತ್ತೇನೆ ಎಂದ.

ನಾನು ಬರಲಾರೆ. ನಿನ್ನ ಮನೆಯ ಆ ಬಾಗಿಲನ್ನು ಕಂಡರೆ ಕಲ್ಲು ಎತ್ತುತ್ತೇನೆ. ಈ ವರ್ಷದ ಯಜಮಾನ ತೆಯೊದೋರೊ ಹನ್ನೊಂದನ್ನು ದಾಟಿಸುತ್ತೇನೆ ಎಂದು ಪಂತ ಕಟ್ಟಿದ್ದಾನಂತೆ. ಬಸ್ಸಿನವನು ಹೇಳಿದ.

ನಿನ್ನ ಕೈಗೆ ನಾನು ಒಂದು ಕೋಳಿಯನ್ನೂ ಒಪ್ಪಿಸುವವಳಲ್ಲ. ಆದರೆ ಆ ಊರಿನಲ್ಲಿ ಟೋಪಿ ಎತ್ತಿ ನೋಡಿದವಳು ನೀನೊಬ್ಬಳೇ. ಒಳಗೇನಿತ್ತು ಎಂದು ತಿಳಿದವಳು ನೀನೊಬ್ಬಳೇ. ಬೇರೆ ದಾರಿಯಿಲ್ಲದ್ದಕ್ಕೆ ಕೇಳುತ್ತಿದ್ದೇನೆ, ಇದನ್ನು ಕ್ಷಮೆ ಎಂದುಕೊಳ್ಳಬೇಡ.

ತೆಯೊದೋರೊನ ಮನೆಯ ಕೋಣೆಗೆ ಅರ್ಧ ಗಂಟೆಗೊಮ್ಮೆ ಹೋಗು. ಪ್ರತಿಯೊಂದು ಟೋಪಿಯನ್ನೂ ಎತ್ತು. ಕಿವಿ ಹಿಂಡು. ಬೈದರೆ ಮಗ್ಗುಲಿಗೆ ತಿರುಗಿಸಿ ಮುಂದೆ ಹೋಗು. ಏಳದವನು ಸಿಕ್ಕರೆ ಅಲ್ಲೇ ನಿಲ್ಲು, ತಟ್ಟೆಗಳು ಹಾಳಾಗಿ ಹೋಗಲಿ. ಮಗ್ಗುಲಿಗೆ ಮಲಗಿಸು, ಮೇಲಿನ ಮೊಣಕಾಲನ್ನು ಮಡಚಿ ಮುಂದಕ್ಕಿಡು, ಬಾಯಿ ನೆಲದ ಕಡೆಗೆ ಇರಲಿ, ಬಂದದ್ದು ಹೊರಗೆ ಹರಿಯಲಿ. ಒದ್ದೆಯಿದ್ದರೆ ಬಿಚ್ಚಿ ಕಂಬಳಿ ಹೊದಿಸು. ತಣ್ಣೀರು ಬೇಡ. ಕಾಫಿ ಬೇಡ, ಬಾಯಿಗೆ ಏನೂ ಬೇಡ. ಎಬ್ಬಿಸಿ ನಡೆಸಬೇಡ. ಗಂಟಲಿಗೆ ಬೆರಳು ಹಾಕಿ ಕಾರಿಸಬೇಡ. ಒಬ್ಬನನ್ನೇ ಬಿಟ್ಟು ಹೋಗಬೇಡ. ಉಸಿರನ್ನು ಎಣಿಸು, ಲಾರಿಯನ್ನು ಕೂಗು, ಏನು ಕುಡಿದ, ಯಾವಾಗ ಕುಡಿದ ಎಂದು ಡಾಕ್ಟರಿಗೆ ಹೇಳು. ಇದು ನನ್ನ ಮಾತಲ್ಲ, ದೊನ್ ಅಬ್ದೋನ್ ಮೂರು ಬೆಳಗ್ಗೆ ನನ್ನ ಬೆಂಚಿನಲ್ಲಿ ಕೂತು ಬರೆಸಿದ್ದು. ಇಸಿದ್ರೊಗೂ ಬಾಯಿಪಾಠ ಮಾಡಿಸಿದ್ದೇನೆ.

ಗಂಡಸರ ಮುಖ ನೋಡಿದಳು ಎಂದು ಊರು ನಿನ್ನನ್ನು ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಇಷ್ಟನ್ನು ನೀನು ನನಗೆ ಕೊಡಬೇಕು.

ಮೊದೆಸ್ತಾ

⁂

ಚಿಯಾರ್‌ಪಂಪ, 29 ಆಗಸ್ಟ್ 1989

ಕೋಮಾದ್ರೆ,

ಮೊದಲಿಗೆ ಇದನ್ನು ಓದು: ಇಸಿದ್ರೊ ಚೆನ್ನಾಗಿದ್ದಾನೆ. ನಾಳಿನ ಬಸ್ಸಿಗೆ ಬರುತ್ತಾನೆ. ಈಗ ಕೂತು ಉಳಿದದ್ದನ್ನು ಓದು.

ಹಬ್ಬದ ಬೆಳಗ್ಗೆ ಅವನು ಬಂದಾಗ ಲುಸಿಯಾನೊ ಅಂಗಳದಲ್ಲಿದ್ದ. ಇಬ್ಬರೂ ನಿಂತರು. ನಾನು ಕಣ್ಣು ಮುಚ್ಚಿಕೊಂಡೆ. ಇಸಿದ್ರೊ ಗುದ್ದಲಿಲ್ಲ. ಮುಖಕ್ಕೆ ನೇರವಾಗಿ, ‘ನಿನ್ನ ಲೋಟ ಮುಟ್ಟಲ್ಲ’ ಎಂದು ಹೇಳಿ ವಾದ್ಯದವರ ಸಾಲಿಗೆ ಹೋದ.

ಮುಟ್ಟಲಿಲ್ಲ ಎಂದಲ್ಲ, ಕೋಮಾದ್ರೆ, ನಿನ್ನ ಮಗನ ಜಾಣತನ ಕೇಳು. ಯಾರು ಲೋಟ ಕೊಟ್ಟರೂ ತೆಗೆದುಕೊಂಡ. ಮೊದಲ ಹನಿ ಭೂಮಿತಾಯಿಗೆ ಎಂದು ನಾವೆಲ್ಲ ಚಿಮುಕಿಸುತ್ತೇವಲ್ಲ, ಇವನು ಲೋಟವನ್ನೇ ಬಗ್ಗಿಸಿದ. ತೆಯೊದೋರೊ ಕೇಳಿದ, ‘ಏನ್ಲಾ, ಎಲ್ಲಾ ಅವ್ಳಿಗೇನಾ?’ ‘ಈ ವರ್ಷ ಅವ್ಳಿಗೆ ಬಾಯಾರಿಕೆ ಜಾಸ್ತಿ ಮಾವ. ಬೇಡ ಅನ್ನಕ್ಕೆ ನಾನ್ಯಾರು?’ ಎಂದ. ಭೂಮಿತಾಯಿಗೆ ಕೊಡಬೇಡ ಎನ್ನಲು ಯಾರಿಗೆ ಧೈರ್ಯ? ಆ ಜಾಗದಲ್ಲಿ ಮಣ್ಣು ಕೆಸರಾಗಿತ್ತು.

ನಾನು ನೀನು ಹೇಳಿದ ಹಾಗೆಯೇ ಮಾಡಿದೆ. ಹನ್ನೊಂದು ಗಂಟೆಗೆ ಮೂರು ಟೋಪಿ ಇದ್ದವು. ಎತ್ತಿದೆ. ತೆಯೊದೋರೊನ ಹೆಂಡತಿ ಬಾಗಿಲಲ್ಲಿ ನಿಂತು, ‘ಅಯ್ಯೋ ಫೌಸ್ತಿನಾ, ಮಲಗಿರೋ ಗಂಡಸ್ರ ಮುಖ ನೋಡ್ತೀಯಲ್ಲೇ, ನಿಂಗೆ ಮನೇಲಿ ಸಾಲ್ದಾ?’ ಎಂದಳು. ಹೆಂಗಸರೆಲ್ಲ ನಕ್ಕರು. ಆದರೂ ಕಿವಿ ಹಿಂಡಿದೆ. ಮೂವರೂ ನನ್ನ ತಾಯಿಯನ್ನು ಸೇರಿಸಿ ಬೈದರು. ಬೈದವರೆಲ್ಲ ಬದುಕಿದ್ದಾರೆ ಎಂದು ತಿರುಗಿಸಿ ಮಲಗಿಸಿ ಬಂದೆ. ಹನ್ನೆರಡಕ್ಕೆ ಆರು, ಒಂದಕ್ಕೆ ಒಂಬತ್ತು. ‘ಟೋಪಿ ಕಳ್ಳಿ ಬಂದ್ಳು’ ಎಂದು ಅಷ್ಟರಲ್ಲಿ ಹುಡುಗರು ಹೆಸರಿಟ್ಟಿದ್ದರು.

ಏಳನೆಯ ಟೋಪಿಯನ್ನು ಎತ್ತುವ ಮೊದಲೇ ನನಗೆ ಗುರುತು ಸಿಕ್ಕಿತು. ಅದರ ಪಟ್ಟಿಯನ್ನು ಹೊಲಿದವಳು ನಾನೇ. ಲುಸಿಯಾನೊ.

ಹೋದ ವರ್ಷದ ಯಜಮಾನನಲ್ಲವೇ, ಬಂದವರೆಲ್ಲ ಅವನಿಗೆ ಜೋಡಿ ಲೋಟ ಹಿಡಿದಿದ್ದರು, ಬೇಡ ಎನ್ನುವ ಹಾಗಿಲ್ಲ. ಕಿವಿ ಹಿಂಡಿದೆ. ಉಗುರು ಊರಿದೆ, ರಕ್ತ ಬರುವಷ್ಟು. ಬೈಯಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ನನ್ನನ್ನು ಬೈಯದೆ ಬಿಟ್ಟವನಲ್ಲ. ಆ ಬಣ್ಣ, ಆ ಗೊಳಗೊಳ, ಎಲ್ಲ ಹಾಗೆಯೇ. ಉಸಿರನ್ನು ಎಣಿಸಿದೆ. ಹತ್ತು ದಾಟಿತು. ಹನ್ನೆರಡಕ್ಕೆ ಒಂದು ಬಂತು.

ಆಗ ಕಿರುಚಿದೆ. ಬೀದಿಯ ವಾದ್ಯ ನಿಲ್ಲುವಷ್ಟು ಕಿರುಚಿದೆ.

ಒಬ್ಬ ಬಕೆಟ್ಟಿನಲ್ಲಿ ತೊಟ್ಟಿಯ ನೀರು ತಂದ. ಇನ್ನೊಬ್ಬಳು ಕಾಫಿ ತಂದಳು. ತೆಯೊದೋರೊ ಬಂದು, ‘ಮುಚ್ಚಮ್ಮ, ನಿದ್ದೆ ಮಾಡ್ತಾವ್ನೆ, ನನ್ನ ಹಬ್ಬ ಕೆಡಿಸ್ಬೇಡ’ ಎಂದ. ನಾನು ಟೋಪಿಯನ್ನು ಅವನ ಎದೆಗೆ ಎಸೆದೆ. ‘ಮುಚ್ಚಿದ್ದೆ ಕಣಯ್ಯಾ ಹೋದ ವರ್ಷ, ಈ ಕೈಲೇ ಮುಚ್ಚಿದ್ದೆ, ಆ ಹುಡ್ಗ ಆಗ ಬದುಕಿದ್ದ’ ಎಂದೆ. ಊರಿಡೀ ಕೇಳಿಸಿಕೊಂಡಿತು. ಇನ್ನು ಮುಚ್ಚಿಡಲು ನನ್ನ ಹತ್ತಿರ ಏನೂ ಉಳಿದಿಲ್ಲ.

ಜನರನ್ನು ತಳ್ಳಿಕೊಂಡು ಬಂದವನು ನಿನ್ನ ಇಸಿದ್ರೊ. ಬಕೆಟ್ಟನ್ನು ಒದ್ದ. ಕೂತು ಲುಸಿಯಾನೊನನ್ನು ಮಗ್ಗುಲಿಗೆ ಹೊರಳಿಸಿದ, ಮೊಣಕಾಲು ಮಡಚಿದ, ತನ್ನ ಕಂಬಳಿ ಹೊದಿಸಿದ. ಲಾರಿಗೆ ಎತ್ತಿದರು. ಎರಡು ಗಂಟೆಯ ದಾರಿಯಲ್ಲಿ ಅವನು ತನ್ನ ಮೊಣಕಾಲನ್ನು ಲುಸಿಯಾನೊನ ಬೆನ್ನಿಗೆ ಆನಿಸಿಕೊಂಡು ಕೂತಿದ್ದ, ಅಂಗಾತ ಹೊರಳದ ಹಾಗೆ. ನದಿಯ ತಿರುವಿನಲ್ಲಿ ಲುಸಿಯಾನೊಗೆ ಪ್ರಜ್ಞೆಯಿಲ್ಲದೆಯೇ ವಾಂತಿಯಾಯಿತು. ಬಾಯಿಯಿಂದ ಆಚೆಗೆ ಹರಿದುಹೋಯಿತು. ಲಾರಿಯಲ್ಲಿದ್ದ ಒಬ್ಬ, ‘ನಿನ್ನಣ್ಣ ಸತ್ತಿದ್ದು ಇವ್ನ ಮನೇಲೇ ಅಲ್ವೇನ್ಲಾ?’ ಎಂದ.

‘ಎಣಿಸ್ತಾ ಇದೀನಿ, ಮಾತಾಡಿಸ್ಬೇಡ’ ಎಂದ ಇಸಿದ್ರೊ.

ಮೂಗಿಗೆ ನಳಿಕೆ ಹಾಕಿದರು, ತೋಳಿಗೆ ಸೂಜಿ ಹಾಕಿದರು. ಇನ್ನೊಂದು ಗಂಟೆ ತಡವಾಗಿದ್ದರೆ ತರಬೇಕಾಗಿರಲಿಲ್ಲ ಎಂದರು ಡಾಕ್ಟರು. ಮಾರನೆಯ ದಿನ ಕಣ್ಣು ತೆರೆದಾಗ ಎದುರಿಗೆ ಕೂತಿದ್ದವನು ನಿನ್ನ ಮಗ. ಲುಸಿಯಾನೊ ಗೋಡೆಯ ಕಡೆಗೆ ತಿರುಗಿ ಅತ್ತ. ಬರುವ ಭಾನುವಾರ ಊರ ಸಭೆ ಇದೆ. ಎದ್ದು ನಿಂತು, ಟೋಪಿ ಹನ್ನೊಂದು, ಎದ್ದವರು ಹತ್ತು, ಮುಚ್ಚು ಎಂದವನು ನಾನು ಎಂದು ಹೇಳುತ್ತಾನಂತೆ. ಹೇಳದೇ ಇದ್ದರೆ ನಾನು ಹೇಳುತ್ತೇನೆ.

ಇಸಿದ್ರೊಗೆ ಹಾಡು ಪೂರ್ತಿ ಮಾಡಲಾಗಲಿಲ್ಲ. ಅದೊಂದು ಉಳಿಯಿತು.

ಫೌಸ್ತಿನಾ

⁂

ಒರುರೊ, 11 ಸೆಪ್ಟೆಂಬರ್ 1989

ಫೌಸ್ತಿನಾ,

ಇಸಿದ್ರೊ ಬಂದ. ಎರಡು ದಿನ ಮಲಗಿದ. ನಾನು ಎರಡು ಸಲ ಹೋಗಿ ಉಸಿರು ನೋಡಿ ಬಂದೆ, ಅಭ್ಯಾಸವಾಗಿಬಿಟ್ಟಿದೆ.

ನಿನ್ನ ಪತ್ರದಲ್ಲಿ ಏಳನೆಯ ಟೋಪಿ ಎಂದು ಓದಿದಾಗ ನನಗೆ ಏನನ್ನಿಸಿತು ಎಂದು ಹೇಳುತ್ತೇನೆ, ನೀನೂ ಮುಚ್ಚಿಡಲಿಲ್ಲವಲ್ಲ. ಹೋಗಲಿ ಅನ್ನಿಸಿತು. ಅವನೂ ಹಾಗೆಯೇ ಹೋಗಲಿ, ನೀನೂ ಒಂದು ಅಂಗಿ ಒಗೆ ಅನ್ನಿಸಿತು. ಮುಂದಿನ ಸಾಲಿನಲ್ಲಿ ನನ್ನ ಮಗ ಎಣಿಸುತ್ತಿದ್ದ. ಕಾಗದವನ್ನು ಮಡಚಿಟ್ಟು ಅಪಿಯನ್ನು ಕಲಕಲು ಹೋದೆ, ತಳ ಹತ್ತಿತ್ತು.

ಲುಸಿಯಾನೊ ಬದುಕಿದ್ದಕ್ಕೆ ಸಂತೋಷ ಎಂದು ಬರೆಯಲಾರೆ. ನನ್ನ ಸಿಟ್ಟು ಇಳಿದಿಲ್ಲ, ಹೆಚ್ಚಾಗಿದೆ. ಅಷ್ಟು ದಿನ ನನಗೆ ಒಂದು ಸಂಶಯ ಇತ್ತು. ಎತ್ತಿದ್ದರೂ ಉಳಿಯುತ್ತಿರಲಿಲ್ಲವೇನೋ, ದಾರಿಯಲ್ಲೇ ಹೋಗುತ್ತಿದ್ದನೇನೋ ಎಂದು ಮಲಗುವ ಮೊದಲು ಹೇಳಿಕೊಳ್ಳುತ್ತಿದ್ದೆ. ಈಗ ಅದೂ ಹೋಯಿತು. ಅದೇ ಊರು, ಅದೇ ಸಾರಾಯಿ, ಅದೇ ಲಾರಿ, ಅದೇ ಎರಡು ಗಂಟೆಯ ದಾರಿ. ಐವತ್ತು ದಾಟಿದ, ಹಲ್ಲು ಹೋದ ನಿನ್ನ ಗಂಡ ಉಳಿದ. ಇಪ್ಪತ್ತೊಂದರ ನನ್ನ ಮಗ ಉಳಿಯುತ್ತಿರಲಿಲ್ಲವೇ? ಅವನಿಗೆ ಬೇಕಾದದ್ದೂ ಇಷ್ಟೇ. ಒಂದು ಕೈ, ಹನ್ನೆರಡರವರೆಗೆ ಎಣಿಸಲು ಬರುವ ಒಬ್ಬ ಮನುಷ್ಯ.

ದೊನ್ ಅಬ್ದೋನ್‌ಗೆ ಓದಿ ಹೇಳಿದೆ. ಮುದುಕರು ‘ಆ ಹೆಂಗ್ಸು ಎಷ್ಟು ಜನರ ಕಿವಿ ಹಿಂಡಿದ್ಳು ಅಂದೆ?’ ಎಂದು ಕೇಳಿದರು. ಏಳು ಎಂದೆ. ‘ಹಂಗಾದ್ರೆ ಅವ್ಳಿಗೂ ಒಂದು ಲೋಟ ಅಪಿ ಬಾಕಿ ಐತೆ ನಿನ್ನ ಅಂಗಡೀಲಿ’ ಎಂದರು.

ಬಸ್ಸಿನವನ ಕೈಯಲ್ಲಿ ಒಂದು ಗಂಟು ಕಳಿಸುತ್ತಿದ್ದೇನೆ. ಒಳಗೆ ಸೆವೆರೊನ ಟೋಪಿ ಇದೆ. ಒಂದು ವರ್ಷ ನನ್ನ ತಲೆದಿಂಬಿನ ಪಕ್ಕ ಇತ್ತು, ಅವನ ತಲೆಯ ವಾಸನೆ ಪೂರ್ತಿ ಹೋಗಿದೆ. ಜೊತೆಗೆ ಒಂದು ಉದ್ದನೆಯ ಕಬ್ಬಿಣದ ಮೊಳೆ, ರೈಲ್ವೆಯವರ ಹತ್ತಿರ ಕೇಳಿ ತಂದದ್ದು, ನಿಮ್ಮ ಮಣ್ಣಿನ ಗೋಡೆಯಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಲುಸಿಯಾನೊ ಸಭೆಯಲ್ಲಿ ಮಾತಾಡಿದ ಎಂದು ಇಸಿದ್ರೊಗೆ ಸುದ್ದಿ ಬಂದಿದೆ. ಮಾತು ಸಾಲದು. ಮುಂದಿನ ವರ್ಷ ಹಬ್ಬ ಯಾರ ಮನೆಯಲ್ಲಿದೆಯೋ ಆ ಮನೆಯ ಕೋಣೆಯಲ್ಲಿ ಅವನ ಕೈಯಿಂದಲೇ ಈ ಮೊಳೆಯನ್ನು ಹೊಡೆಸು. ಮೊದಲು ಸೆವೆರೊನ ಟೋಪಿಯನ್ನು ಹಾಕು. ಆಮೇಲೆ ಒಳಗೆ ಬಂದು ಬಿದ್ದವರ ಟೋಪಿಗಳನ್ನೆಲ್ಲ ಅದೇ ಗೋಡೆಗೆ ತೂಗುಹಾಕು. ಮುಖಗಳು ತೆರೆದಿರಲಿ. ನಗುವವರು ನಗಲಿ.

ಮುಂದಿನ ಹಬ್ಬಕ್ಕೆ ನಾನೂ ಬರುತ್ತೇನೆ, ಇಸಿದ್ರೊ ಹಾಡನ್ನು ಪೂರ್ತಿ ಮಾಡುವುದನ್ನು ಕೇಳಲು. ಬಾಗಿಲ ಹತ್ತಿರ ನನಗೊಂದು ಮಣೆ ಇಡು. ಅರ್ಧ ಗಂಟೆ ನೀನು ಎಣಿಸು, ಅರ್ಧ ಗಂಟೆ ನಾನು ಎಣಿಸುತ್ತೇನೆ. ನೇರಳೆ ಜೋಳವನ್ನು ನೆನೆಹಾಕಿದ್ದೇನೆ, ಕಾಯಿಸಲು ಆಗುತ್ತದೋ ಇಲ್ಲವೋ ನೋಡಬೇಕು.

ಇನ್ನೂ ಸಿಟ್ಟಿನಲ್ಲೇ ಇರುವ ನಿನ್ನ ಕೋಮಾದ್ರೆ,
ಮೊದೆಸ್ತಾ